ಪಿತ್ತಕೋಶದ ಕ್ಯಾನ್ಸರ್: ಕಲ್ಲಿನ ಆಪರೇಷನ್ನಿನಲ್ಲೇ ತೀರ್ಮಾನವಾಗುವ ರೋಗ

ಪಿತ್ತಕೋಶದ ಕಲ್ಲಿನ ಆಪರೇಷನ್ ಮುಗಿದ ಮೇಲೆ ಕಲ್ಲುಗಳನ್ನು ಪುಟ್ಟ ಬಾಟಲಿಯಲ್ಲಿ ಹಾಕಿ ಮನೆಯವರಿಗೆ ತೋರಿಸುವುದು ನಮ್ಮ ಆಸ್ಪತ್ರೆಗಳಲ್ಲಿ ವಾಡಿಕೆ. ಎಷ್ಟು ಕಲ್ಲಿದ್ದವು, ಎಷ್ಟು ದಪ್ಪ ಇದ್ದವು ಎಂದು ಎಲ್ಲರೂ ನೋಡುತ್ತಾರೆ. ಆ ಕಲ್ಲುಗಳಿದ್ದ ಪಿತ್ತಕೋಶ ಎಲ್ಲಿಗೆ ಹೋಯಿತು ಎಂದು ಕೇಳುವವರು ಕಡಿಮೆ. ನಿಯಮದಂತೆ ನಡೆಯುವ ಕಡೆ ಅದು ಫಾರ್ಮಲಿನ್ ತುಂಬಿದ ಡಬ್ಬಿಯಲ್ಲಿ ಅಂಗಾಂಶ ಪರೀಕ್ಷಿಸುವ ಹಿಸ್ಟೊಪೆಥಾಲಜಿ ಲ್ಯಾಬ್ ಸೇರುತ್ತದೆ. ಖರ್ಚು ಉಳಿಸುವ ಕಡೆ ವೈದ್ಯಕೀಯ ತ್ಯಾಜ್ಯದ ಹಳದಿ ಚೀಲ ಸೇರುತ್ತದೆ.

ಈ ವ್ಯತ್ಯಾಸ ಸಣ್ಣದಲ್ಲ. ಬರೀ ಕಲ್ಲು ಎಂದುಕೊಂಡು ತೆಗೆದ ಪಿತ್ತಕೋಶಗಳಲ್ಲಿ ಸಾವಿರಕ್ಕೆ ಕೆಲವು, ಉತ್ತರ ಭಾರತದ ಆಸ್ಪತ್ರೆಗಳಲ್ಲಿ ನೂರಕ್ಕೆ ಒಂದರ ಆಸುಪಾಸು, ಕ್ಯಾನ್ಸರ್ ಆಗಿರುತ್ತವೆ. ಬೇರೆ ಬಹುತೇಕ ಕ್ಯಾನ್ಸರ್‌ಗಳಲ್ಲಿ ಮೊದಲು ರೋಗ ಪತ್ತೆಯಾಗುತ್ತದೆ, ಆಮೇಲೆ ಆಪರೇಷನ್. ಇಲ್ಲಿ ಎಷ್ಟೋ ಸಲ ಆಪರೇಷನ್ ಆದ ಹತ್ತು ದಿನಕ್ಕೆ ರೋಗ ಪತ್ತೆಯಾಗುತ್ತದೆ. ಹಾಗಾಗಿ ಕ್ಯಾನ್ಸರ್ ಸರ್ಜನ್ ಕೈಗೆ ರೋಗಿ ಸಿಗುವ ಮೊದಲೇ, ಸ್ಕ್ಯಾನಿಂಗ್ ಕೋಣೆಯಲ್ಲಿ ಮತ್ತು ಕಲ್ಲಿನ ಆಪರೇಷನ್ನಿನ ಮೇಜಿನ ಮೇಲೆ, ರೋಗಿಯ ಹಣೆಬರಹ ಅರ್ಧಕ್ಕರ್ಧ ತೀರ್ಮಾನವಾಗಿರುತ್ತದೆ.

ಜಗತ್ತಿನಲ್ಲಿ 2022ರ ಅಂದಾಜಿನಂತೆ ಈ ಕ್ಯಾನ್ಸರ್ ಬಂದವರು ಸುಮಾರು 1.2 ಲಕ್ಷ, ತೀರಿಕೊಂಡವರು ಸುಮಾರು 89 ಸಾವಿರ. ಆದರೆ ಇದು ಎಲ್ಲ ಕಡೆ ಸಮನಾಗಿ ಹರಡಿದ ರೋಗವಲ್ಲ. ಚಿಲಿ, ಬೊಲಿವಿಯಾ, ಜಪಾನ್, ಕೊರಿಯಾ ಬಿಟ್ಟರೆ ಹೆಚ್ಚಾಗಿ ಕಾಣುವುದು ನಮ್ಮ ಗಂಗಾ ಬಯಲಿನಲ್ಲಿ: ಉತ್ತರ ಪ್ರದೇಶ, ಬಿಹಾರ, ಪಶ್ಚಿಮ ಬಂಗಾಳ, ಅದರಾಚೆಗೆ ಅಸ್ಸಾಂ. ದೆಹಲಿ ಮತ್ತು ಗುವಾಹಟಿಯ ಕ್ಯಾನ್ಸರ್ ನೋಂದಣಿಗಳಲ್ಲಿ ಒಂದು ಲಕ್ಷ ಮಹಿಳೆಯರಿಗೆ ವರ್ಷಕ್ಕೆ ಹತ್ತು ಅಥವಾ ಅದಕ್ಕೂ ಹೆಚ್ಚು ಹೊಸ ರೋಗಿಗಳು ದಾಖಲಾಗುತ್ತಾರೆ. ಬೆಂಗಳೂರು, ಚೆನ್ನೈಗಳಲ್ಲಿ ಆ ಸಂಖ್ಯೆ ಒಂದೆರಡರ ಆಸುಪಾಸು. ಹೆಚ್ಚಿನ ಕಡೆ ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಜಾಸ್ತಿ.

ಈ ಅಂತರಕ್ಕೆ ಒಂದೇ ಕಾರಣ ಹೇಳಿ ಮುಗಿಸಲಾಗದು. ಕಲ್ಲಿನ ಪಾತ್ರ ದೊಡ್ಡದು; ಕ್ಯಾನ್ಸರ್ ಬಂದವರಲ್ಲಿ ಶೇ 70ರಿಂದ 90 ಜನರ ಪಿತ್ತಕೋಶದಲ್ಲಿ ಕಲ್ಲುಗಳಿರುತ್ತವೆ. ಕಲ್ಲು ವರ್ಷಗಟ್ಟಲೆ ಒಳಪದರವನ್ನು ಉಜ್ಜುತ್ತ, ಪಿತ್ತರಸ ನಿಲ್ಲುವಂತೆ ಮಾಡುತ್ತ, ಉರಿಯೂತವನ್ನು ಜೀವಂತವಾಗಿ ಇಡುತ್ತದೆ. ಸತ್ತ ಕೋಶಗಳ ಜಾಗಕ್ಕೆ ಹೊಸವು ಬರುತ್ತಲೇ ಇರಬೇಕಾದಾಗ ತಪ್ಪುಗಳೂ ಜಮೆಯಾಗುತ್ತವೆ. ಪದರ ಮೊದಲು ತನ್ನ ಸ್ವರೂಪ ಬದಲಿಸಿ, ಆಮೇಲೆ ಕೆಟ್ಟು, ಕೊನೆಗೆ ಕ್ಯಾನ್ಸರ್ ಆಗಲು ಹತ್ತು ಹದಿನೈದು ವರ್ಷವಾದರೂ ಬೇಕು. ಮೂರು ಸೆಂ.ಮೀ.ಗಿಂತ ದೊಡ್ಡ ಕಲ್ಲಿದ್ದವರಿಗೆ, ಒಂದು ಸೆಂ.ಮೀ.ಗಿಂತ ಚಿಕ್ಕ ಕಲ್ಲಿದ್ದವರಿಗೆ ಹೋಲಿಸಿದರೆ, ಅಪಾಯ ಸುಮಾರು ಹತ್ತು ಪಟ್ಟು ಎಂಬುದು 1980ರ ದಶಕದಿಂದಲೂ ಗೊತ್ತಿರುವ ಮಾತು. ದೊಡ್ಡ ಕಲ್ಲು ಎಂದರೆ ಬಹುಕಾಲದಿಂದ ಇರುವ ಕಲ್ಲು ಎಂಬುದೂ ಅದಕ್ಕೆ ಒಂದು ಕಾರಣ.

ಕಲ್ಲಷ್ಟೇ ಸಾಕೆಂದಿದ್ದರೆ ಕರ್ನಾಟಕದಲ್ಲೂ ಈ ಕ್ಯಾನ್ಸರ್ ಇಷ್ಟು ಕಡಿಮೆ ಇರುತ್ತಿರಲಿಲ್ಲ. ಕಲ್ಲುಗಳ ಜಾತಿಯೇ ಬೇರೆ. ಉತ್ತರದಲ್ಲಿ ಕೊಲೆಸ್ಟರಾಲ್ ಕಲ್ಲು ಹೆಚ್ಚು, ದಕ್ಷಿಣದಲ್ಲಿ ಕಪ್ಪು ಬಣ್ಣದ ಪಿಗ್ಮೆಂಟ್ ಕಲ್ಲು ಹೆಚ್ಚು. ಟೈಫಾಯ್ಡ್ ವಾಸಿಯಾದ ಮೇಲೂ ಕೆಲವರ ಪಿತ್ತಕೋಶದಲ್ಲಿ ಆ ಬ್ಯಾಕ್ಟೀರಿಯಾ ಕಲ್ಲಿನ ಮೇಲೆ ಪೊರೆ ಕಟ್ಟಿಕೊಂಡು ವರ್ಷಗಟ್ಟಲೆ ಉಳಿಯುತ್ತದೆ. ಅಂಥವರಲ್ಲಿ ಕ್ಯಾನ್ಸರ್ ಸಾಧ್ಯತೆ ಹಲವು ಪಟ್ಟು ಹೆಚ್ಚು. ಗಂಗಾ ಬಯಲಿನ ಅಂತರ್ಜಲದ ಆರ್ಸೆನಿಕ್, ಮಣ್ಣು ಮತ್ತು ನೀರಿನಲ್ಲಿರುವ ಕ್ಯಾಡ್ಮಿಯಂ, ಸೀಸಗಳ ಮೇಲೆ ಅನುಮಾನವಿದೆ. ಸಾಸಿವೆ ಎಣ್ಣೆಯ ಮೇಲೂ ಇದೆ, ಅದರಲ್ಲೂ ದತ್ತೂರಿ (ಆರ್ಜಿಮೋನ್) ಬೀಜದ ಎಣ್ಣೆ ಬೆರೆತ ಕಲಬೆರಕೆಯ ಮೇಲೆ. ಆದರೆ ಸಾಸಿವೆ ಎಣ್ಣೆ ತಿಂದದ್ದಕ್ಕೇ ಕ್ಯಾನ್ಸರ್ ಬಂತು ಎನ್ನುವಷ್ಟು ಪುರಾವೆ ಸಿಕ್ಕಿಲ್ಲ; ವಾಟ್ಸ್‌ಆ್ಯಪ್‌ನಲ್ಲಿ ಅದು ಆಗಲೇ ಸಾಬೀತಾಗಿ ಹೋಗಿದೆ, ಅಷ್ಟೇ.

ವಂಶವಾಹಿಗಳ ಕಡೆಯಿಂದ ಬಂದ ಗಟ್ಟಿ ಸುಳಿವು 2017ರದು. ಮುಂಬೈನ ಟಾಟಾ ಮೆಮೋರಿಯಲ್ ಕೇಂದ್ರದ ನೇತೃತ್ವದ ಅಧ್ಯಯನವು ಭಾರತೀಯ ರೋಗಿಗಳಲ್ಲಿ ಎಬಿಸಿಬಿ1 ಮತ್ತು ಎಬಿಸಿಬಿ4 ಎಂಬ ವಂಶವಾಹಿಗಳಿರುವ ಭಾಗದಲ್ಲಿ ವ್ಯತ್ಯಾಸ ಗುರುತಿಸಿತು. ಲಿವರ್ ಕೋಶದಿಂದ ಪಿತ್ತರಸಕ್ಕೆ ಕೊಬ್ಬಿನ ಅಂಶಗಳನ್ನೂ ಹೊರಗಿನ ವಿಷಗಳನ್ನೂ ದಾಟಿಸುವ ಪಂಪುಗಳಿಗೆ ಇವೇ ಸೂತ್ರ. ಪಂಪು ಸರಿಯಿಲ್ಲದವರ ಪಿತ್ತರಸದ ಹದ ಕೆಡುತ್ತದೆ ಎಂಬುದು ಕಲ್ಲು, ನೀರು, ಆಹಾರ ಎಲ್ಲವನ್ನೂ ಒಂದೇ ದಾರಕ್ಕೆ ಪೋಣಿಸುವ ವಿವರಣೆ.

ಇನ್ನು ಕೆಲವು ಕಾರಣಗಳು ಅಪರೂಪದವು. ಪಿತ್ತನಾಳ ಮತ್ತು ಮೇದೋಜೀರಕ ಗ್ರಂಥಿಯ ನಾಳ ಕರುಳಿನ ಗೋಡೆಗಿಂತ ಮೊದಲೇ ಸೇರಿಕೊಂಡು ಹುಟ್ಟಿನಿಂದಲೇ ಉದ್ದದ ಒಂದೇ ನಾಳವಾಗಿದ್ದರೆ ಮೇದೋಜೀರಕ ರಸ ಹಿಂದಕ್ಕೆ ಹರಿದು ಪಿತ್ತಕೋಶವನ್ನು ಸುಡುತ್ತದೆ. ಇಂಥವರಿಗೆ ಕಲ್ಲಿಲ್ಲದೆಯೂ, ಚಿಕ್ಕ ವಯಸ್ಸಿನಲ್ಲೂ ಕ್ಯಾನ್ಸರ್ ಬರಬಹುದು. ಗೋಡೆಗೆ ಸುಣ್ಣ ಕಟ್ಟಿದ ‘ಪಿಂಗಾಣಿ ಪಿತ್ತಕೋಶ’ದಲ್ಲಿ ಕಾಲು ಭಾಗ ಕ್ಯಾನ್ಸರ್ ಎಂದು ಹಳೆಯ ಪಠ್ಯಗಳು ಹೆದರಿಸುತ್ತಿದ್ದವು, ಈಚಿನ ಲೆಕ್ಕ ಅದಕ್ಕಿಂತ ತೀರಾ ಕಡಿಮೆ.

ಹಾಗಾದರೆ ಕಲ್ಲಿದ್ದವರೆಲ್ಲ ಪಿತ್ತಕೋಶ ತೆಗೆಸಬೇಕೆ? ಬೇರೆ ಯಾವುದಕ್ಕೋ ಸ್ಕ್ಯಾನಿಂಗ್ ಮಾಡಿಸಿದಾಗ ಕಲ್ಲು ಕಂಡು, ನೋವೇ ಇಲ್ಲದ ಮನುಷ್ಯನಿಗೆ ಈ ಪ್ರಶ್ನೆ ಕಾಡುತ್ತದೆ. ಚಿಲಿ ದೇಶ 2006ರಿಂದ 35ರಿಂದ 49 ವಯಸ್ಸಿನೊಳಗಿನ ಕಲ್ಲಿರುವವರಿಗೆ, ನೋವಿಲ್ಲದಿದ್ದರೂ, ಕ್ಯಾನ್ಸರ್ ತಡೆಗೆಂದೇ ಆಪರೇಷನ್ನಿನ ಖಾತ್ರಿ ಕೊಟ್ಟಿದೆ. ಅಲ್ಲಿನ ರೋಗದ ಪ್ರಮಾಣಕ್ಕೆ ಅದು ಸರಿ ಇರಬಹುದು. ಕರ್ನಾಟಕದಲ್ಲಿ ಹುಟ್ಟಿ ಬೆಳೆದ, ನೋವಿಲ್ಲದ, ಸಣ್ಣ ಕಲ್ಲಿನ ವ್ಯಕ್ತಿಗೆ ಇದೇ ಸಲಹೆ ಕೊಡುವುದು ತಪ್ಪೆಂದೇ ಹೇಳಬೇಕು. ಇಲ್ಲಿ ಕ್ಯಾನ್ಸರ್ ಸಾಧ್ಯತೆ ಅಷ್ಟು ಕಡಿಮೆ, ಆಪರೇಷನ್ನಿನಲ್ಲಿ ಪಿತ್ತನಾಳಕ್ಕೆ ಪೆಟ್ಟಾಗುವ ಸಾಧ್ಯತೆ ಸಣ್ಣದಾದರೂ ನಿಜ. ಮೂರು ಸೆಂ.ಮೀ. ದಾಟಿದ ಕಲ್ಲು, ಒಂದು ಸೆಂ.ಮೀ. ಮುಟ್ಟಿದ ಪಾಲಿಪ್ (ಒಳಗೋಡೆಯಿಂದ ಚಾಚಿದ ಗಂಟು), ಸುಣ್ಣ ಕಟ್ಟಿದ ಗೋಡೆ, ಒಂದೇ ಕಡೆ ದಪ್ಪಗಾದ ಗೋಡೆ, ಇವಿದ್ದರೆ ಲೆಕ್ಕ ಬದಲಾಗುತ್ತದೆ. ಬಿಹಾರ, ಬಂಗಾಳ, ಅಸ್ಸಾಂಗಳಿಂದ ಬಂದು ಬೆಂಗಳೂರಿನಲ್ಲಿ ನೆಲೆಸಿದವರ ವಿಷಯದಲ್ಲಿ ತವರು ಯಾವುದೆಂದು ವೈದ್ಯರು ಕೇಳಿ ಬರೆದುಕೊಳ್ಳುವುದು ಒಳ್ಳೆಯದು. ಅವರ ಅಪಾಯ ಅವರ ಊರಿನದು, ನಮ್ಮದಲ್ಲ. ಪಾಲಿಪ್ 6ರಿಂದ 9 ಮಿ.ಮೀ. ನಡುವೆ ಇದ್ದಾಗ ‘ಭಾರತೀಯ ಮೂಲ’ವನ್ನೇ ಅಪಾಯದ ಅಂಶಗಳಲ್ಲಿ ಒಂದಾಗಿ 2017ರ ಐರೋಪ್ಯ ಮಾರ್ಗಸೂಚಿ ಸೇರಿಸಿತ್ತು.

ರೋಗಲಕ್ಷಣಗಳನ್ನು ನೆಚ್ಚಿಕೊಂಡು ಕೂರುವಂತಿಲ್ಲ. ಶುರುವಿನಲ್ಲಿ ಇರುವುದು ಕಲ್ಲಿನ ನೋವೇ: ಬಲ ಪಕ್ಕೆಯ ಕೆಳಗೆ, ಊಟವಾದ ಮೇಲೆ, ಬೆನ್ನಿಗೆ ಹರಡುವಂಥದ್ದು. ನಮ್ಮಲ್ಲಿ ಹೊಟ್ಟೆಯ ಮೇಲ್ಭಾಗದ ಯಾವ ನೋವಿಗೂ ‘ಗ್ಯಾಸ್ಟ್ರಿಕ್’ ಎಂಬ ಒಂದೇ ಹೆಸರು, ಮೆಡಿಕಲ್ ಶಾಪಿನ ಒಂದೇ ಮಾತ್ರೆ. ಬಂದು ಹೋಗುತ್ತಿದ್ದ ನೋವು ಬಿಡದೆ ಕಾಡತೊಡಗಿದರೆ, ಹಸಿವು ಸತ್ತು ತೂಕ ಇಳಿದರೆ ಅದು ಬರೀ ಕಲ್ಲಿನ ನೋವಲ್ಲ. ಕಣ್ಣು ಹಳದಿಯಾಗಿ, ಮೂತ್ರ ಗಾಢವಾಗಿ, ಮಲ ಬಿಳಿಚಿಕೊಂಡು, ಮೈಯೆಲ್ಲ ತುರಿಕೆ ಬಂದರೆ ಪಿತ್ತನಾಳ ಕಟ್ಟಿದೆ ಎಂದೇ ಅರ್ಥ. ಈ ಕಾಮಾಲೆಗೆ ನಾಟಿ ಔಷಧಿ, ಪಥ್ಯ ಎಂದು ಕಳೆಯುವ ನಾಲ್ಕು ವಾರಗಳು ಮತ್ತೆ ಸಿಗುವುದಿಲ್ಲ.

ಪತ್ತೆಯ ಮೊದಲ ಮೆಟ್ಟಿಲು ಅಲ್ಟ್ರಾಸೌಂಡ್. ಆರರಿಂದ ಎಂಟು ತಾಸು ಖಾಲಿ ಹೊಟ್ಟೆಯಲ್ಲಿ ಮಾಡಿಸಬೇಕು, ಯಾಕೆಂದರೆ ತಿಂದಾಗ ಪಿತ್ತಕೋಶ ಮುದುಡಿ ಗೋಡೆ ಸುಳ್ಳೇ ದಪ್ಪಗೆ ಕಾಣುತ್ತದೆ. ಗೋಡೆ 3 ಮಿ.ಮೀ. ಒಳಗಿದ್ದರೆ ಸಹಜ. ಸುತ್ತಲೂ ಒಂದೇ ಸಮ ದಪ್ಪಗಾಗಿದ್ದು, ಪದರಗಳು ಸ್ಪಷ್ಟವಾಗಿದ್ದರೆ ಬಹುಪಾಲು ಉರಿಯೂತ. ಒಂದೇ ಕಡೆ ದಪ್ಪ, ಪದರ ಕಲಸಿಹೋಗಿದೆ, ಲಿವರ್‌ನಿಂದ ಬೇರ್ಪಡಿಸುವ ಗೆರೆ ಮಾಸಿದೆ ಎಂದರೆ ಕ್ಯಾನ್ಸರ್ ಅನುಮಾನ. ಚಂಡೀಗಢದ ಪಿಜಿಐ ಆಸ್ಪತ್ರೆಯ ವೈದ್ಯರ ಮುಂದಾಳತ್ವದಲ್ಲಿ ಇದಕ್ಕೆ ‘ಜಿಬಿ–ರ‍್ಯಾಡ್ಸ್’ ಎಂಬ 0ಯಿಂದ 5ರವರೆಗಿನ ಅಂಕಪಟ್ಟಿ ಸಿದ್ಧವಾಗಿದೆ. ಪಿತ್ತಕೋಶ ತುಂಬ ಕಲ್ಲಿದ್ದರೆ ಅವುಗಳ ನೆರಳಿನ ಹಿಂದೆ ಗೋಡೆಯೇ ಕಾಣುವುದಿಲ್ಲ. ಅಲ್ಲಿ ಗೆಡ್ಡೆ ತಪ್ಪಿಸಿಕೊಳ್ಳುವುದು ಇದೇ ಕಾರಣಕ್ಕೆ. ‘ಕಲ್ಲು ಇದೆ’ ಎಂದಷ್ಟೇ ಬರೆದು ಗೋಡೆಯ ಬಗ್ಗೆ ಒಂದು ಸಾಲೂ ಇಲ್ಲದ ರಿಪೋರ್ಟು ಅರ್ಧ ರಿಪೋರ್ಟು.

ಅನುಮಾನ ಬಂದರೆ ಮುಂದಿನದು ಕಾಂಟ್ರಾಸ್ಟ್ ಕೊಟ್ಟು ತೆಗೆಯುವ ಸಿಟಿ ಸ್ಕ್ಯಾನ್. ಕಾಮಾಲೆ ಇದ್ದರೆ ಎಂಆರ್‌ಸಿಪಿ, ಅಂದರೆ ಪಿತ್ತನಾಳಗಳ ಎಂಆರ್‌ಐ ಚಿತ್ರ. ಕ್ಯಾನ್ಸರ್ ಸುಳಿವಿಗೆಂದು ಮಾಡುವ ಸಿಎ 19-9 ರಕ್ತಪರೀಕ್ಷೆಯ ಅಂಕಿ ಕಾಮಾಲೆ ಇದ್ದಾಗ ಕ್ಯಾನ್ಸರ್ ಇಲ್ಲದೆಯೂ ಏರುತ್ತದೆ, ಆದ್ದರಿಂದ ಆ ಒಂದು ಅಂಕಿ ಹಿಡಿದು ಹೆದರುವುದೂ ಬೇಡ, ನಿರಾಳವಾಗುವುದೂ ಬೇಡ. ಆಪರೇಷನ್ ಸಾಧ್ಯವಿರುವ ಗೆಡ್ಡೆಗೆ ಮೊದಲೇ ಸೂಜಿ ಚುಚ್ಚಿ ಬಯಾಪ್ಸಿ ತೆಗೆಯುವುದು ಸಲ್ಲ. ಈ ಕ್ಯಾನ್ಸರ್ ಸೂಜಿಯ ದಾರಿಯಲ್ಲಿ, ಹೊಟ್ಟೆಯ ಪೊರೆಯ ಮೇಲೆ ಬಿತ್ತಿದಂತೆ ಹರಡುವ ಸ್ವಭಾವದ್ದು. ಆಪರೇಷನ್ ಆಗದು ಎಂದು ಖಚಿತವಾದ ಮೇಲೆ ಔಷಧ ನಿರ್ಧರಿಸಲು ಬಯಾಪ್ಸಿ ಬೇಕೇ ಬೇಕು. ಕ್ಸಾಂಥೊಗ್ರ್ಯಾನುಲೊಮ್ಯಾಟಸ್ ಉರಿಯೂತ ಎಂಬ ಒಂದು ಸ್ಥಿತಿ ಸ್ಕ್ಯಾನ್‌ನಲ್ಲಿ ಹುಬೇಹೂಬು ಕ್ಯಾನ್ಸರ್‌ನಂತೆಯೇ ಕಾಣುತ್ತದೆ, ಅನುಭವಿಗಳೂ ಏಮಾರುತ್ತಾರೆ.

ಮೊದಲ ಆಪರೇಷನ್ನೇ ಯಾಕೆ ಇಷ್ಟು ಮುಖ್ಯ ಎಂಬುದಕ್ಕೆ ಉತ್ತರ ಗೋಡೆಯ ರಚನೆಯಲ್ಲಿದೆ. ಕರುಳಿನ ಗೋಡೆಯಲ್ಲಿರುವ ‘ಸಬ್‌ಮ್ಯೂಕೋಸ’ ಎಂಬ ಪದರ ಪಿತ್ತಕೋಶಕ್ಕೆ ಇಲ್ಲ. ಒಳಪದರ, ತೆಳು ಸ್ನಾಯು, ಅದರಾಚೆ ಸಡಿಲ ಅಂಗಾಂಶ, ಅಷ್ಟೇ. ಹೊಟ್ಟೆಯ ಕಡೆಗೆ ಮಾತ್ರ ಹೊರ ಪೊರೆ ಇದೆ. ಲಿವರ್ ಕಡೆಗೆ ಅದೂ ಇಲ್ಲದೆ ಸಡಿಲ ಅಂಗಾಂಶ ನೇರವಾಗಿ ಲಿವರ್‌ನ ಹೊದಿಕೆಗೆ ಅಂಟಿಕೊಂಡಿದೆ. ಪಿತ್ತಕೋಶದ ಸಣ್ಣ ರಕ್ತನಾಳಗಳು ಅಲ್ಲಿಂದಲೇ ಲಿವರ್‌ನ 4ಬಿ ಮತ್ತು 5ನೇ ಭಾಗಗಳಿಗೆ ಇಳಿಯುತ್ತವೆ. ಮಾಮೂಲಿ ಕಲ್ಲಿನ ಆಪರೇಷನ್ನಿನಲ್ಲಿ ಸರ್ಜನ್ ಪಿತ್ತಕೋಶವನ್ನು ಬಿಡಿಸುವುದು ಈ ಸಡಿಲ ಅಂಗಾಂಶದ ನಡುವಿನಿಂದ. ಕಲ್ಲಿಗೆ ಅದು ಸರಿಯಾದ, ರಕ್ತ ಬಾರದ ದಾರಿ. ಕ್ಯಾನ್ಸರ್ ಸ್ನಾಯು ದಾಟಿದ್ದರೆ ಅದೇ ದಾರಿ ಗೆಡ್ಡೆಯ ನಡುವೆಯೇ ಹಾದುಹೋಗಿ, ಅರ್ಧ ಗೆಡ್ಡೆಯನ್ನು ಲಿವರ್ ಮೇಲೆ ಉಳಿಸುತ್ತದೆ.

ಹಂತಗಳ ಲೆಕ್ಕವೂ ಇದೇ ಪದರಗಳದ್ದು. ಒಳಪದರದಲ್ಲೇ ನಿಂತರೆ ಟಿ1ಎ. ಸ್ನಾಯು ಹೊಕ್ಕರೆ ಟಿ1ಬಿ. ಸಡಿಲ ಅಂಗಾಂಶ ಮುಟ್ಟಿದರೆ ಟಿ2. ಹೊಟ್ಟೆಯ ಕಡೆ ಮುಟ್ಟಿದರೆ ಟಿ2ಎ, ಲಿವರ್ ಕಡೆ ಮುಟ್ಟಿದರೆ ಟಿ2ಬಿ, ಎರಡನೆಯದು ಹೆಚ್ಚು ಕೆಟ್ಟದ್ದು. ಹೊರ ಪೊರೆ ಹರಿದರೆ ಅಥವಾ ಲಿವರ್ ಇಲ್ಲವೇ ಪಕ್ಕದ ಒಂದು ಅಂಗಕ್ಕೆ ನುಗ್ಗಿದರೆ ಟಿ3. ಲಿವರ್‌ಗೆ ರಕ್ತ ತರುವ ಮುಖ್ಯ ನಾಳಗಳನ್ನು ಅಥವಾ ಎರಡಕ್ಕಿಂತ ಕಡಿಮೆಯಿಲ್ಲದಷ್ಟು ಅಂಗಗಳನ್ನು ಹಿಡಿದರೆ ಟಿ4. ಟಿ1ಎ ಆದವರಿಗೆ ಮಾಮೂಲಿ ಆಪರೇಷನ್ನೇ ಸಾಕು, ನೂರಕ್ಕೆ 95ಕ್ಕೂ ಹೆಚ್ಚು ಜನ ಗುಣವಾಗುತ್ತಾರೆ. ಟಿ1ಬಿಯಿಂದ ಮುಂದಕ್ಕೆ ಹೆಚ್ಚಿನ ಮಾರ್ಗಸೂಚಿಗಳು ದೊಡ್ಡ ಆಪರೇಷನ್ ಕೇಳುತ್ತವೆ.

ಹೀಗಾಗಿ ಅನುಮಾನ ಮೊದಲೇ ಇದ್ದರೆ ‘ಮೊದಲು ಲ್ಯಾಪರೊಸ್ಕೋಪಿಯಲ್ಲಿ ತೆಗೆದು ನೋಡೋಣ’ ಎಂಬ ಮಾತಿಗೆ ಒಪ್ಪಬಾರದು. ಪಿತ್ತಕೋಶ ತೂತಾಗಿ ಪಿತ್ತರಸ ಚೆಲ್ಲಿದರೆ ಕ್ಯಾನ್ಸರ್ ಕೋಶಗಳೂ ಹೊಟ್ಟೆಯೊಳಗೆ ಚೆಲ್ಲುತ್ತವೆ. ಚೀಲವಿಲ್ಲದೆ ಹೊಕ್ಕುಳ ಬಳಿಯ ತೂತಿನಿಂದ ಎಳೆದು ತೆಗೆದರೆ ಆ ತೂತಿನಲ್ಲೇ ಗೆಡ್ಡೆ ಬೆಳೆಯುವುದುಂಟು. ದುಬಾರಿ ಎಂಡೋಬ್ಯಾಗ್ ಇಲ್ಲದ ಕಡೆ ಸ್ಟೆರೈಲ್ ಗ್ಲೌಸನ್ನೇ ಕಟ್ಟಿ ಚೀಲ ಮಾಡಿಕೊಳ್ಳುವ ಸರ್ಜನ್‌ಗಳಿದ್ದಾರೆ, ಅದಕ್ಕೆ ಕೆಲವೇ ರೂಪಾಯಿ ಸಾಕು. ತೆಗೆದ ಪಿತ್ತಕೋಶವನ್ನು ಥಿಯೇಟರಿನಲ್ಲೇ ಸೀಳಿ ಒಳಪದರ ನೋಡಬೇಕು. ಗಂಟು, ಹುಣ್ಣು, ಒರಟು ಜಾಗ ಕಂಡರೆ ಅಲ್ಲೇ ಫ್ರೋಜನ್ ಸೆಕ್ಷನ್ ಪರೀಕ್ಷೆಗೆ (ಆಪರೇಷನ್ ನಡೆಯುತ್ತಿರುವಾಗಲೇ ತುಣುಕನ್ನು ಹೆಪ್ಪುಗಟ್ಟಿಸಿ ನೋಡುವುದು) ಕಳಿಸಬೇಕು. ಆ ಸೌಲಭ್ಯವಿಲ್ಲದಿದ್ದರೆ ಮತ್ತೇನೂ ಕೆದಕದೆ ಹೊಟ್ಟೆ ಮುಚ್ಚಿ, ದೊಡ್ಡ ಕೇಂದ್ರಕ್ಕೆ ಕಳಿಸುವುದೇ ಜಾಣತನ.

ವರದಿಯಲ್ಲಿ ಕ್ಯಾನ್ಸರ್ ಎಂದು ಬಂದವರು ಮೂರು ವಸ್ತುಗಳನ್ನು ಕೇಳಿ ತೆಗೆದುಕೊಳ್ಳಬೇಕು: ಪೆಥಾಲಜಿ ಸ್ಲೈಡುಗಳು, ಅಂಗಾಂಶ ಹುದುಗಿಸಿಟ್ಟ ಮೇಣದ ಬ್ಲಾಕುಗಳು, ಆಪರೇಷನ್ನಿನ ವಿವರ ಬರೆದ ಟಿಪ್ಪಣಿ. ಪಿತ್ತ ಚೆಲ್ಲಿತೆ, ಚೀಲ ಬಳಸಿದ್ದಾರೆಯೇ, ಹಿಂದಿನ ಗೋಡೆಯನ್ನು ಬಿಟ್ಟು ಅರ್ಧವೇ ತೆಗೆದಿದ್ದಾರೆಯೇ ಎಂಬುದು ಆ ಟಿಪ್ಪಣಿಯಲ್ಲಿ ಮಾತ್ರ ಸಿಗುತ್ತದೆ. ವರದಿಯಲ್ಲಿ ಪದರದ ಹಂತ, ಪಿತ್ತಕೋಶದ ನಾಳ ಕತ್ತರಿಸಿದ ತುದಿಯಲ್ಲಿ ಕ್ಯಾನ್ಸರ್ ಇದೆಯೇ ಇಲ್ಲವೇ, ಗೆಡ್ಡೆ ಯಾವ ಬದಿಗಿತ್ತು, ಇವು ಬೇಕು. ಟಿ2 ಎಂದು ಬಂದವರಿಗೆ ಮತ್ತೆ ಆಪರೇಷನ್ ಮಾಡಿದಾಗ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ, ಟಿ3 ಆದವರಲ್ಲಿ ಮುಕ್ಕಾಲು ಪಾಲು ಮಂದಿಯಲ್ಲಿ, ಎಲ್ಲೋ ಒಂದು ಕಡೆ ಉಳಿಕೆ ಕ್ಯಾನ್ಸರ್ ಸಿಕ್ಕಿದ ದಾಖಲೆಗಳಿವೆ. ‘ಎಲ್ಲ ತೆಗೆದಾಗಿದೆ, ಕೀಮೋ ಸಾಕು’ ಎಂಬ ಸಮಾಧಾನ ಇಲ್ಲಿ ಅಪಾಯಕಾರಿ. ಎರಡನೇ ಆಪರೇಷನ್ನಿಗೆ ಮೊದಲನೆಯದಾದ ನಾಲ್ಕರಿಂದ ಎಂಟು ವಾರದ ನಡುವಿನ ಕಾಲ ಹೆಚ್ಚು ಸೂಕ್ತವೆಂದು ಅಮೆರಿಕದ ಹಲವು ಆಸ್ಪತ್ರೆಗಳ ಒಟ್ಟು ಅನುಭವ ತೋರಿಸಿದೆ. ಅದಕ್ಕೂ ಬೇಗ ಹೋದರೆ ಉರಿಯೂತ ಇಳಿದಿರುವುದಿಲ್ಲ, ಹರಡುವ ರೋಗ ತನ್ನ ಬಣ್ಣ ತೋರಿಸಿರುವುದಿಲ್ಲ. ಹಳೆಯ ತೂತುಗಳ ಜಾಗವನ್ನು ಕತ್ತರಿಸಿ ತೆಗೆಯುವ ರೂಢಿ ಮೊದಲಿತ್ತು. ಅದರಿಂದ ಆಯಸ್ಸು ಹೆಚ್ಚದೆ ಹರ್ನಿಯಾ ಹೆಚ್ಚಿದ್ದರಿಂದ ಈಗ ಕೈಬಿಟ್ಟಿದ್ದಾರೆ.

ದೊಡ್ಡ ಆಪರೇಷನ್ನಿನ ಹೆಸರು ರ‍್ಯಾಡಿಕಲ್ ಕೊಲೆಸಿಸ್ಟೆಕ್ಟಮಿ. 1954ರಲ್ಲಿ ಗ್ಲೆನ್ ಮತ್ತು ಹೇಸ್ ಎಂಬ ಅಮೆರಿಕದ ಸರ್ಜನ್‌ಗಳು ವಿವರಿಸಿದ ತತ್ವವೇ ಇಂದಿಗೂ ಆಧಾರ. ಮೊದಲು ಕ್ಯಾಮೆರಾ ಇಳಿಸಿ ಹೊಟ್ಟೆಯನ್ನು ಪೂರ್ತಿ ಜಾಲಾಡುತ್ತಾರೆ. ಸಿಟಿಗೆ ಕಾಣದ ರಾಗಿ ಕಾಳಿನಷ್ಟು ಗಂಟುಗಳು ಪೊರೆಯ ಮೇಲೆ, ಲಿವರ್ ಮೇಲೆ ಸುಮಾರು ಐವರಲ್ಲಿ ಒಬ್ಬರಿಗೆ ಸಿಗುತ್ತವೆ, ಅವರಿಗೆ ದೊಡ್ಡ ಗಾಯ ತಪ್ಪುತ್ತದೆ. ಆಮೇಲೆ ಬಲ ಪಕ್ಕೆಯ ಕೆಳಗೆ ತೆರೆದು, ಸಣ್ಣ ಕರುಳಿನ ಮೊದಲ ಭಾಗವನ್ನು ಎತ್ತಿ, ಮಹಾಪಧಮನಿ ಮತ್ತು ದೊಡ್ಡ ಅಭಿಧಮನಿಯ ನಡುವಿನ ದುಗ್ಧಗ್ರಂಥಿಗಳನ್ನು (ಲಿಂಫ್ ನೋಡ್) ತೆಗೆದು ಫ್ರೋಜನ್‌ಗೆ ಕಳಿಸುತ್ತಾರೆ. ಅಲ್ಲಿ ಕ್ಯಾನ್ಸರ್ ಇದ್ದರೆ ಅದು ದೂರಕ್ಕೆ ಹರಡಿದ ರೋಗಕ್ಕೆ ಸಮ. ಬಹುತೇಕ ಸರ್ಜನ್‌ಗಳು ಅಲ್ಲಿಗೇ ನಿಲ್ಲಿಸುತ್ತಾರೆ.

ಮುಂದುವರಿದರೆ, ಪಿತ್ತಕೋಶವನ್ನು ಲಿವರ್‌ನಿಂದ ಬಿಡಿಸದೆ, ಅದರ ಹಾಸಿಗೆಯ ಸುತ್ತ ಸುಮಾರು 2 ಸೆಂ.ಮೀ. ದಪ್ಪದ ಲಿವರ್ ಸಮೇತ ಒಂದೇ ತುಂಡಾಗಿ ತೆಗೆಯುವುದು. ಕೆಲವರು 4ಬಿ ಮತ್ತು 5ನೇ ಭಾಗಗಳನ್ನು ಪೂರ್ತಿ ತೆಗೆಯುತ್ತಾರೆ. ಗೆಡ್ಡೆಯಿಂದ ದೂರದ ಅಂಚು ಸಿಕ್ಕರೆ ಎರಡಕ್ಕೂ ಫಲಿತಾಂಶ ಒಂದೇ. ಲಿವರ್ ಕತ್ತರಿಸುವಾಗ ರಕ್ತ ಹೋಗುವುದು ಹೆಚ್ಚಾಗಿ ಮಧ್ಯದ ಅಭಿಧಮನಿಯ ಕವಲುಗಳಿಂದ. ಲಿವರ್‌ಗೆ ಹೋಗುವ ನಾಳಗಳ ಕಟ್ಟನ್ನು 15 ನಿಮಿಷ ಬಿಗಿದು, 5 ನಿಮಿಷ ಬಿಟ್ಟು, ಮತ್ತೆ ಬಿಗಿದು ಕೆಲಸ ಮಾಡುವುದು ಲಿವರ್‌ಗೆ ಒಳಬರುವ ರಕ್ತವನ್ನು ತಡೆಯಲು. ಪಿತ್ತನಾಳ, ಲಿವರ್‌ನ ಪಧಮನಿ, ಪೋರ್ಟಲ್ ಅಭಿಧಮನಿಗಳ ಸುತ್ತಲಿನ ಕೊಬ್ಬು ಮತ್ತು ದುಗ್ಧಗ್ರಂಥಿಗಳನ್ನು ಸುಲಿದು ಆ ಮೂರು ನಾಳಗಳನ್ನು ಬರಿದಾಗಿ ನಿಲ್ಲಿಸುತ್ತಾರೆ. ವರದಿಯಲ್ಲಿ ಕನಿಷ್ಠ ಆರು ಗ್ರಂಥಿಗಳಿರಬೇಕು. ಎರಡೋ ಮೂರೋ ಇದ್ದರೆ ‘ಗ್ರಂಥಿಗಳಲ್ಲಿ ರೋಗವಿಲ್ಲ’ ಎಂಬ ಸಾಲಿಗೆ ಅಷ್ಟು ಬೆಲೆಯಿಲ್ಲ.

ಪಿತ್ತನಾಳವನ್ನು ಎಲ್ಲರಿಗೂ ತೆಗೆಯುವುದಿಲ್ಲ. ಪಿತ್ತಕೋಶದ ನಾಳದ ತುದಿಯಲ್ಲಿ ಕ್ಯಾನ್ಸರ್ ಉಳಿದಿದ್ದರೆ ಮಾತ್ರ ಅದನ್ನೂ ತೆಗೆದು, ಸಣ್ಣ ಕರುಳಿನ ಒಂದು ಕುಣಿಕೆಯನ್ನು ಮೇಲೆ ತಂದು ಲಿವರ್‌ನ ನಾಳಕ್ಕೆ ಹೊಲಿಯುತ್ತಾರೆ. ಈ ಜೋಡಣೆಯೇ ಸೋರಿಕೆಗೂ ಮುಂದೆ ಮತ್ತೆ ಮತ್ತೆ ಬರುವ ಜ್ವರ, ಸೋಂಕಿಗೂ ಮೂಲ. ಆಪರೇಷನ್ ನಂತರ ಹಾಕಿದ ಡ್ರೇನ್ ಪೈಪಿನಲ್ಲಿ ಮೂರನೇ ದಿನವೂ ಪಿತ್ತ ಬರುತ್ತಿದ್ದರೆ ಸೋರಿಕೆ ಎಂದು ಹಿಡಿಯುತ್ತಾರೆ. ಬಹುಪಾಲು ತಾನೇ ನಿಲ್ಲುತ್ತದೆ, ಕೆಲವರಿಗೆ ಎಂಡೋಸ್ಕೋಪಿಯಲ್ಲಿ ಸ್ಟೆಂಟ್ (ನಾಳ ತೆರೆದಿಡುವ ಕೊಳವೆ) ಬೇಕಾಗುತ್ತದೆ.

ಕಾಮಾಲೆಯೊಂದಿಗೆ ಬಂದವರ ಚಿತ್ರ ಬೇರೆ. ನ್ಯೂಯಾರ್ಕ್‌ನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕೇಂದ್ರ 2004ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಕಾಮಾಲೆಯಿದ್ದ 82 ರೋಗಿಗಳಲ್ಲಿ ಗುಣಪಡಿಸುವ ಉದ್ದೇಶದಿಂದ ಗೆಡ್ಡೆ ತೆಗೆಯಲು ಆದದ್ದು ಆರು ಮಂದಿಗೆ ಮಾತ್ರ. ಎರಡು ವರ್ಷದ ಹೊತ್ತಿಗೆ ರೋಗವಿಲ್ಲದೆ ಉಳಿದವರು ಯಾರೂ ಇರಲಿಲ್ಲ. ಆಯ್ದ ಕೆಲವರಲ್ಲಿ ಈಗ ಫಲಿತಾಂಶ ಇದಕ್ಕಿಂತ ವಾಸಿ. ಅದಕ್ಕೆ ಮೊದಲು ಕಾಮಾಲೆ ಇಳಿಸಬೇಕು, ಲಿವರ್‌ನ ಬಲ ಭಾಗ ತೆಗೆದರೆ ಉಳಿಯುವ ಎಡ ಭಾಗದ ಗಾತ್ರ ಅಳೆಯಬೇಕು, ಸಾಲದಿದ್ದರೆ ಬಲಗಡೆಯ ಪೋರ್ಟಲ್ ನಾಳ ಮುಚ್ಚಿ ಎಡಭಾಗ ಬೆಳೆಯಲು ಮೂರು ನಾಲ್ಕು ವಾರ ಕಾಯಬೇಕು. ಇದು ಲಿವರ್ ಸರ್ಜರಿ ನಿತ್ಯ ನಡೆಯುವ ಕೇಂದ್ರದ ಕೆಲಸ. ಜಿಲ್ಲಾ ಕೇಂದ್ರದಲ್ಲಿ ಅವಸರದಿಂದ ಸ್ಟೆಂಟ್ ಹಾಕಿಸಿಕೊಳ್ಳುವ ಮೊದಲು ಒಂದು ಒಳ್ಳೆಯ ಸಿಟಿ ಅಥವಾ ಎಂಆರ್‌ಸಿಪಿ ತೆಗೆಸಿಕೊಂಡಿರಬೇಕು. ಸ್ಟೆಂಟ್ ಒಳಗೆ ಹೋದ ಮೇಲೆ ಉರಿಯೂತದಿಂದ ಚಿತ್ರ ಮಸುಕಾಗಿ, ಗೆಡ್ಡೆ ಎಲ್ಲಿಯವರೆಗೆ ಹರಡಿದೆ ಎಂದು ಓದುವುದು ಕಷ್ಟ.

ಆಪರೇಷನ್ ಚೆನ್ನಾಗಿ ಆದವರಿಗೂ ಔಷಧವಿದೆ. ಬ್ರಿಟನ್ನಿನ ಬಿಲ್‌ಕ್ಯಾಪ್ ಪ್ರಯೋಗದ (2019) ನಂತರ ಕ್ಯಾಪೆಸಿಟಬಿನ್ ಎಂಬ ಕೀಮೋ ಮಾತ್ರೆಯನ್ನು ಎರಡು ವಾರ ನುಂಗಿ ಒಂದು ವಾರ ಬಿಡುವಂತೆ ಎಂಟು ಸುತ್ತು, ಸುಮಾರು ಆರು ತಿಂಗಳು, ಕೊಡುವುದು ರೂಢಿ. ಅಂಗೈ ಅಂಗಾಲು ಕೆಂಪಾಗಿ ಸಿಪ್ಪೆ ಏಳುವುದು, ಭೇದಿ ಇವು ಮಾಮೂಲಿ ತೊಂದರೆಗಳು. ಹೇಳಿದರೆ ಡೋಸ್ ತಗ್ಗಿಸುತ್ತಾರೆ, ಹೇಳದೆ ತಾವೇ ಮಾತ್ರೆ ಬಿಡುವವರು ನಷ್ಟ ಮಾಡಿಕೊಳ್ಳುತ್ತಾರೆ. ಗೆಡ್ಡೆ ದೊಡ್ಡದಾಗಿ, ಆದರೆ ದೂರಕ್ಕೆ ಹರಡದೆ ಇದ್ದಾಗ ಮೊದಲು ಕೀಮೋ ಕೊಡುವುದೋ, ಅದರ ಜೊತೆ ರೇಡಿಯೇಷನ್ ಸೇರಿಸುವುದೋ ಎಂಬುದನ್ನು ಟಾಟಾ ಮೆಮೋರಿಯಲ್‌ನ ‘ಪೋಲ್‌ಕ್ಯಾಗ್‌ಬಿ’ ಪ್ರಯೋಗ ಪರೀಕ್ಷೆಗೆ ಒಡ್ಡಿದೆ. ಈ ರೋಗ ಹೆಚ್ಚಿರುವ ದೇಶದಲ್ಲೇ ಇಂಥ ಪ್ರಯೋಗ ನಡೆಯಬೇಕಾದದ್ದು ನ್ಯಾಯ.

ಆಪರೇಷನ್ ಆಗದವರಿಗೆ ಕೀಮೋ ವ್ಯರ್ಥ ಎಂಬ ಮಾತು ಹಳೆಯದು. ದೆಹಲಿ ಏಮ್ಸ್‌ನ 2010ರ ಪ್ರಯೋಗದಲ್ಲಿ ಜೆಮ್‌ಸಿಟಬಿನ್ ಮತ್ತು ಆಕ್ಸಾಲಿಪ್ಲಾಟಿನ್ ಪಡೆದವರು ಸರಾಸರಿ 9.5 ತಿಂಗಳು, ಬರೀ ಆರೈಕೆ ಪಡೆದವರು 4.5 ತಿಂಗಳು ಬದುಕಿದರು. ಅದೇ ವರ್ಷ ಬ್ರಿಟನ್ನಿನ ಎಬಿಸಿ–02 ಪ್ರಯೋಗ ಜೆಮ್‌ಸಿಟಬಿನ್–ಸಿಸ್‌ಪ್ಲಾಟಿನ್ ಜೋಡಿಯನ್ನು ನೆಲೆಗೊಳಿಸಿತು. 2022ರಿಂದ ಅದಕ್ಕೆ ದುರ್ವಾಲುಮ್ಯಾಬ್ ಎಂಬ ಇಮ್ಯುನೊಥೆರಪಿ ಸೇರಿದೆ. ಬೆಲೆ ಬಹುತೇಕ ಕುಟುಂಬಗಳ ಕೈಗೆಟುಕದ್ದು, ಸಿಗುವ ಹೆಚ್ಚುವರಿ ಕಾಲ ಬಹುಮಂದಿಗೆ ಕೆಲವೇ ವಾರ. ಅದಕ್ಕಿಂತ ಕೆಲಸಕ್ಕೆ ಬರುವುದು ಗೆಡ್ಡೆಯ ಕೋಶಗಳಲ್ಲಿ ಹರ್–2 ಎಂಬ ಪ್ರೋಟೀನ್ ಹೆಚ್ಚಿದೆಯೇ ಎಂದು ನೋಡುವ ಪರೀಕ್ಷೆ. ಪಿತ್ತಕೋಶದ ಕ್ಯಾನ್ಸರ್‌ಗಳಲ್ಲಿ ಆರರಲ್ಲಿ ಒಂದರ ಆಸುಪಾಸು ಈ ಗುರುತು ಸಿಗುತ್ತದೆ. ಸಿಕ್ಕವರಿಗೆ ಸ್ತನ ಕ್ಯಾನ್ಸರ್‌ಗೆ ಬಳಸುವ ಟ್ರಾಸ್ಟುಜುಮ್ಯಾಬ್ ಗುಂಪಿನ ಔಷಧಗಳ ದಾರಿ ತೆರೆಯುತ್ತದೆ, ಅದರ ಅಗ್ಗದ ರೂಪವನ್ನು ಬೆಂಗಳೂರಿನ ಬಯೋಕಾನ್ 2014ರಲ್ಲೇ ಮಾರುಕಟ್ಟೆಗೆ ತಂದಿದೆ. ಈ ಪರೀಕ್ಷೆಗೆ ಮತ್ತೆ ಸೂಜಿ ಚುಚ್ಚಬೇಕಿಲ್ಲ, ಮೊದಲ ಬಯಾಪ್ಸಿಯ ಬ್ಲಾಕೇ ಸಾಕು. ಲ್ಯಾಬಿಗೆ ಕಳಿಸುವ ಚೀಟಿಯಲ್ಲಿ ಅದನ್ನೂ ಆಗಲೇ ಬರೆದರೆ, ಮೊದಲ ಕೀಮೋ ಸುತ್ತು ಮುಗಿಯುವಷ್ಟರಲ್ಲಿ ಉತ್ತರ ಕೈಯಲ್ಲಿರುತ್ತದೆ.